ಹರಿಹರದ ಬಸಿಲಿಕ: ಅಂಕ ಜಾರುವ ಜಾಗಗಳು

ದಾವಣಗೆರೆಯ ಪಕ್ಕದ ಹರಿಹರದಲ್ಲಿ ಯಾತ್ರಾಸ್ಥಳಗಳು ಎರಡು. ಪ್ರಶ್ನೆ ಎರಡರ ಮೇಲೂ ಬರಬಹುದು.

1. ಆರೋಗ್ಯ ಮಾತೆ ಬಸಿಲಿಕ: ಕಿರಿಯ ಬಸಿಲಿಕ ಪದವಿ 2019ರಲ್ಲಿ, ಪೋಪ್ ಫ್ರಾನ್ಸಿಸ್ ಅವರಿಂದ. ರಾಜ್ಯಕ್ಕೆ ಮೂರನೆಯದು. ಮೊದಲನೆಯದು ಬೆಂಗಳೂರು ಶಿವಾಜಿನಗರದ ಸಂತ ಮೇರಿ, ಎರಡನೆಯದು ಕಾರ್ಕಳ ಅತ್ತೂರಿನ ಸಂತ ಲಾರೆನ್ಸ್ (2016). ಹಬ್ಬ ಸೆಪ್ಟೆಂಬರ್ 8.

ಎಡವುವುದು ಇಲ್ಲೇ. ಬಸಿಲಿಕ ಎಂಬುದು ಪೋಪ್ ಕೊಡುವ ಗೌರವ. ಕೆಥೆಡ್ರಲ್ ಎಂದರೆ ಬಿಷಪ್ಪರ ಪೀಠವಿರುವ ಚರ್ಚ್. ಹರಿಹರ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ, ಹಾಗಾಗಿ ಕೆಥೆಡ್ರಲ್ ಇರುವುದು ಶಿವಮೊಗ್ಗದಲ್ಲಿ. ಅಂದಹಾಗೆ, ಬಸಿಲಿಕ ಮೂಲದಲ್ಲಿ ರೋಮನ್ನರ ಸಾರ್ವಜನಿಕ ಸಭಾಂಗಣ. ಅಲ್ಲಿ ನಡೆಯುತ್ತಿದ್ದದ್ದು ನ್ಯಾಯ, ವ್ಯಾಪಾರ, ಪೂಜೆಯಲ್ಲ.

2. ಮಧ್ಯಯುಗದ ಕಟ್ಟಡ ಕೇಳಿದರೆ ತುಂಗಭದ್ರಾ ದಂಡೆಯ ಹರಿಹರೇಶ್ವರ ದೇವಾಲಯ. ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ, 1224ರ ಸುಮಾರಿಗೆ. 1268ರಲ್ಲಿ ದಂಡನಾಯಕ ಸೋಮ ಅದನ್ನು ವಿಸ್ತರಿಸಿದ. ಬಳಪದ ಕಲ್ಲಿನ ಕಂಬಗಳಿಗೆ ಚರಕಿಗೆ ಹಾಕಿ ಕಡೆದ ನುಣುಪು. ವಿಗ್ರಹದ ಬಲಭಾಗ ಹರ, ಎಡಭಾಗ ಹರಿ. ಊರಿನ ಹೆಸರಿನ ಕ್ರಮ ನಂಬಿ ತಿರುಗಾಮುರುಗಾ ಬರೆಯಬಾರದು.

3. ಹೊರದೇಶದ ಜೋಡಿ: ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾ ಕೆಥೆಡ್ರಲ್. ಸಂತ ಯಾಕೋಬನ ಸಮಾಧಿಯ ಯಾತ್ರೆ. ಆರಂಭ 1075, ಪ್ರತಿಷ್ಠೆ 1211, ಎಂದರೆ ಪೋಲಾಳ್ವನಿಗಿಂತ ಹದಿಮೂರೇ ವರ್ಷ ಮೊದಲು. ರೋಮನೆಸ್ಕ್ ಶೈಲಿ, ಶಿಲುಬೆಯಾಕಾರದ ತಳವಿನ್ಯಾಸ, ದಪ್ಪ ಗೋಡೆ, ಅರ್ಧವೃತ್ತ ಕಮಾನು. ಬಲಿಪೀಠದ ಹಿಂದೆ ಯಾತ್ರಿಕರು ಸುತ್ತಿ ಬರುವ ಓಣಿ. ನಮ್ಮ ಪ್ರದಕ್ಷಿಣಾಪಥ ನೆನೆದರೆ ಮರೆಯುವುದಿಲ್ಲ. ಆದರೆ ಚಿತ್ರಗಳಲ್ಲಿ ಕಾಣುವ ಅಲಂಕೃತ ಪಶ್ಚಿಮ ಮುಖ 18ನೇ ಶತಮಾನದ್ದು, ಬರೋಕ್.