ಬಸವನಪಾದದ ಮರವನ್ನು ಬೆಳೆಸುವ ಕ್ರಮ

ಗ್ರಾಮಗಳಲ್ಲಿ ಮಳೆಗಾಲದಲ್ಲಿ ಉತ್ಸಾಹದಿಂದ ನೆಟ್ಟ ಸಸಿಗಳಲ್ಲಿ ಅನೇಕವು ಮುಂದಿನ ಯುಗಾದಿಯನ್ನು ಕಾಣುವುದಿಲ್ಲ. ನೆಡುವುದು ಒಂದು ದಿನದ ಕಾರ್ಯ. ಉಳಿಸುವುದು ಎರಡು ಬೇಸಿಗೆಗಳ ಕಾರ್ಯ. ಹೂವಿನ ಮರಗಳನ್ನು ಬೆಳೆಸಲಿಚ್ಛಿಸುವ ಹಿಡುವಳಿದಾರರೂ ಗ್ರಾಮದ ಮುಖಂಡರೂ ಇದನ್ನು ಮೊದಲು ಮನಗಾಣತಕ್ಕದ್ದು.

ಜಾತಿಗಳು.— ಎಲೆಯು ಎತ್ತಿನ ಗೊರಸಿನಂತೆ ಇಬ್ಭಾಗವಾಗಿರುವುದರಿಂದ ಈ ಮರಕ್ಕೆ ಬಸವನಪಾದವೆಂದು ಹೆಸರು. ಅಮೆರಿಕಾದಲ್ಲಿ ಅಲಂಕಾರಕ್ಕಾಗಿ ಬೆಳೆಸುವ ರೆಡ್‌ಬಡ್ ಮರವು ಇದರ ದಾಯಾದಿ. ನಮ್ಮಲ್ಲಿ ಎರಡು ಜಾತಿಗಳು ಮುಖ್ಯವಾದುವು. ಒಂದು ನವರಾತ್ರಿಯ ಸುಮಾರಿನಿಂದ, ಎಲೆಗಳಿರುವಾಗಲೇ ಹೂ ಬಿಡುವುದು. ಇನ್ನೊಂದು ಎಲೆ ಉದುರಿಸಿ ಶಿವರಾತ್ರಿಯಿಂದ ಯುಗಾದಿಯವರೆಗೆ ಅರಳುವುದು. 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದ ಕೃಂಬಿಗಲ್ ಅವರು ಬೇರೆ ಬೇರೆ ಮಾಸಗಳಲ್ಲಿ ಹೂ ಬಿಡುವ ಮರಗಳನ್ನು ಆರಿಸಿ ಬೀದಿಗಳಲ್ಲಿ ನೆಡಿಸಿದರು. ಈ ಎರಡು ಜಾತಿಗಳನ್ನು ಬೆರೆಸಿ ನೆಟ್ಟರೆ ಗ್ರಾಮಕ್ಕೂ ಎರಡು ಕಾಲಗಳಲ್ಲಿ ಹೂವು ದೊರೆಯುವುದು.

ಬೀಜ.— ಕಾಯಿಗಳು ಒಣಗಿದೊಡನೆ ಸಿಡಿದು ಬೀಜ ಚೆಲ್ಲುವುವು. ಆದಕಾರಣ ಅವು ಕಂದುಬಣ್ಣಕ್ಕೆ ತಿರುಗಿದಾಗಲೇ ಕೊಯ್ದು, ಗೋಣಿಯಡಿಯಲ್ಲಿ ಒಣಗಿಸಿ, ತಡಮಾಡದೆ ಬಿತ್ತತಕ್ಕದ್ದು. ಸಸಿಗಳು 2ರಿಂದ 3 ಅಡಿ ಬೆಳೆಯುವವರೆಗೆ ಚೀಲಗಳಲ್ಲಿ ಸಾಕಬೇಕು.

ನೆಡುವಿಕೆ.— ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಸ್ಥಳವು ಶ್ರೇಷ್ಠ. ಕೆರೆಯ ಏರಿಯ ಮೇಲೂ ವಿದ್ಯುತ್ ತಂತಿಯ ಕೆಳಗೂ ನೆಡಬಾರದು. ಬೇಸಿಗೆಯಲ್ಲಿಯೇ 20 ಅಡಿಗೊಂದರಂತೆ, 2 ಅಡಿ ಉದ್ದ ಅಗಲ ಆಳದ ಗುಂಡಿಗಳನ್ನು ತೆಗೆದು ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ತುಂಬಿ, ಆರಿದ್ರ ಮಳೆಯ ಹದದಲ್ಲಿ ನೆಡುವುದು ಉತ್ತಮ. ಇದು ಕಾಯಿಬಿಡುವ ದ್ವಿದಳ ಗಿಡವಾದರೂ ಹುರುಳಿ, ಅವರೆಗಳಂತೆ ಬೇರಿನಲ್ಲಿ ಗಂಟು ಕಟ್ಟಿ ಸಾರಜನಕವನ್ನು ಕೂಡಿಸುವುದಿಲ್ಲ. ಆದುದರಿಂದ ಗೊಬ್ಬರವನ್ನು ಬಿಡಲಾಗದು.

ರಕ್ಷಣೆ.— ಎಲೆಯು ದನಕರುಗಳಿಗೆ ಮೇವಾಗುವುದು. ಆಡುಗಳು ಸಸಿಯನ್ನು ಬುಡದವರೆಗೂ ಮೇಯುವುವು. ನೆಟ್ಟ ದಿನವೇ ಜಾಲಿಮುಳ್ಳಿನ ಬೇಲಿಯನ್ನು ಕಟ್ಟತಕ್ಕದ್ದು. ಬುಡಕ್ಕೆ ಒಣಹುಲ್ಲನ್ನು ಹರಡಿದರೆ ತೇವವು ನಿಲ್ಲುವುದು. ಗೆದ್ದಲಿರುವಲ್ಲಿ ಹುಲ್ಲನ್ನು ಕಾಂಡಕ್ಕೆ ತಾಗಿಸಬಾರದು.

ನೀರಿನ ಲೆಕ್ಕ.— 20 ಸಸಿಗಳಿಗೆ ವಾರಕ್ಕೆ ಎರಡಾವರ್ತಿ ಒಂದೊಂದು ಕೊಡದಂತೆ ಎರೆದರೆ 40 ಕೊಡ ನೀರು ಬೇಕು. ಬೇಸಿಗೆಯಲ್ಲಿ ಅದನ್ನು ಹೊರುವವರಾರು, ಯಾವ ಬಾವಿಯಿಂದ ಎಂಬುದನ್ನು ಗುಂಡಿ ತೋಡುವ ಮುನ್ನವೇ ಗೊತ್ತುಮಾಡಬೇಕು. ಹತ್ತಕ್ಕೆ ಮಾತ್ರ ನೀರಿದ್ದರೆ ಹತ್ತನ್ನೇ ನೆಡುವುದು ವಿವೇಕ. ಒಂದೊಂದು ಸಸಿಯನ್ನು ಒಂದೊಂದು ಮನೆಯವರಿಗೆ ಒಪ್ಪಿಸಿದರೆ ಭಾರವು ಹಗುರವಾಗುವುದು.

ಹೀಗೆ ಎರಡು ಬೇಸಿಗೆಗಳನ್ನು ದಾಟಿದ ಸಸಿಯು ತನ್ನ ಬೇರಿನ ಬಲದಿಂದಲೇ ನಿಲ್ಲುವುದು. ನೂರು ನೆಟ್ಟು ನೂರನ್ನೂ ಕಳೆದುಕೊಳ್ಳುವ ಗ್ರಾಮಕ್ಕಿಂತ ಹತ್ತು ನೆಟ್ಟು ಹತ್ತನ್ನೂ ಉಳಿಸುವ ಗ್ರಾಮವೇ ಮುಂದೆ ನೆರಳನ್ನೂ ಹೂವನ್ನೂ ಅನುಭವಿಸುವುದು.