ಮಕ್ಕಳಿಗೆ ಸುದ್ದಿ ಬರೆಯಲು ಕಲಿಸೋಣ

ನಮ್ಮ ಹಳ್ಳಿಗಳ ಮಕ್ಕಳ ಸಂಘಗಳಲ್ಲಿ ಹಾಡು, ಆಟ, ಕಿರುನಾಟಕ ಚೆನ್ನಾಗಿ ನಡೀತಾ ಇವೆ. ಇವುಗಳ ಜೊತೆಗೆ ತಿಂಗಳಿಗೊಂದು ಗೋಡೆ ಪತ್ರಿಕೆಯನ್ನೂ ಹೊರತರಬಹುದು. ಒಂದು ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಸ್ವಲ್ಪ ಅಂಟು ಇದ್ದರೆ ಸಾಕು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಅದರ ನೆನಪಿಗೆ ಜುಲೈ 1ನ್ನು ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಮೊದಲ ಸಂಚಿಕೆಗೆ ಅದು ಒಳ್ಳೆಯ ದಿನ.

“ಬರೆಯಲು ಬಾರದ ಮಕ್ಕಳು ಏನು ಮಾಡಬೇಕು?” ಎಂದು ಕಾರ್ಯಕರ್ತೆಯರು ಕೇಳಬಹುದು. ದೆಹಲಿಯಲ್ಲಿ ಬೀದಿ ಮಕ್ಕಳು ಮತ್ತು ದುಡಿಯುವ ಮಕ್ಕಳು 2003ರಲ್ಲಿ ‘ಬಾಲಕನಾಮಾ’ ಎಂಬ ಪತ್ರಿಕೆ ಆರಂಭಿಸಿದರು. ಅಲ್ಲಿ ಅಕ್ಷರ ಬಾರದ ಮಕ್ಕಳು ಸುದ್ದಿಯನ್ನು ಬಾಯಲ್ಲಿ ಹೇಳುತ್ತಾರೆ, ಬರೆಯಬಲ್ಲವರು ಬರೆದುಕೊಳ್ಳುತ್ತಾರೆ. ನಮ್ಮಲ್ಲೂ ಇದು ಆಗುತ್ತದೆ. ಸುದ್ದಿಗೆ ಮೊದಲು ಬೇಕಾದದ್ದು ಕಣ್ಣು, ಕಿವಿ.

ಕಲಿಸುವ ಕ್ರಮ ಹೀಗಿರಲಿ:

1. ಆರು ಪ್ರಶ್ನೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ? ಇವನ್ನು ಮಕ್ಕಳು ಬೆರಳು ಎಣಿಸಿ ಹೇಳುವಂತಾಗಲಿ.

2. ದೂರು ಬೇರೆ, ವರದಿ ಬೇರೆ. “ನಮ್ಮ ಶಾಲೆಗೆ ನೀರೇ ಬರಲ್ಲ” ಎನ್ನುವುದು ದೂರು. “ಸೋಮವಾರದಿಂದ ಶಾಲೆಯ ನಲ್ಲಿಯಲ್ಲಿ ನೀರಿಲ್ಲ. ಮೋಟಾರು ಸುಟ್ಟಿದೆ, ಎರಡು ದಿನದಲ್ಲಿ ಸರಿಯಾಗುತ್ತದೆ ಎಂದು ವಾಟರ್‌ಮನ್ ತಿಳಿಸಿದರು” ಎನ್ನುವುದು ವರದಿ. ಎರಡನೆಯದಕ್ಕೆ ಪಂಚಾಯಿತಿ ಉತ್ತರ ಕೊಡಲೇಬೇಕಾಗುತ್ತದೆ.

3. ಇಬ್ಬರನ್ನು ಕೇಳು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಬಳಿ ವಿಚಾರಿಸಬೇಕು. ಯಾರ ಮೇಲೆ ಮಾತು ಬರುತ್ತದೋ ಅವರ ಮಾತನ್ನೂ ಕೇಳಬೇಕು. ವಾಟ್ಸಾಪ್‌ನಲ್ಲಿ ಬಂದದ್ದೆಲ್ಲ ಸುದ್ದಿಯಲ್ಲ ಎಂಬುದು ಮಕ್ಕಳಿಗೆ ಇಲ್ಲೇ ಅರ್ಥವಾಗುತ್ತದೆ.

4. ಹೆಸರು ಕಾಪಾಡು. ಇದು ಬಹಳ ಮುಖ್ಯ. ಒಬ್ಬ ಹುಡುಗಿ ಬಂದು, “ಸಿಸ್ಟರ್, ನಮ್ಮ ಕ್ಲಾಸಿನ ಗೆಳತಿಗೆ ಮದುವೆ ಮಾಡ್ತಾರಂತೆ, ಬರೀಲಾ?” ಎಂದು ಕೇಳಿದಳು ಎಂದಿಟ್ಟುಕೊಳ್ಳಿ. ಬರೆಯಬಾರದು. ಮೊದಲು 1098ಕ್ಕೆ ಫೋನ್ ಮಾಡಬೇಕು, ಅದನ್ನು ದೊಡ್ಡವರಾದ ನಾವೇ ಮಾಡಬೇಕು. ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸಿದೆ. ಗೋಡೆ ಪತ್ರಿಕೆ ಚಿಕ್ಕದು ಎಂದು ಅಸಡ್ಡೆ ಬೇಡ. ಸಣ್ಣ ಊರಿನಲ್ಲಿ ಹೆಸರಿಲ್ಲದೆ ಬರೀ ತರಗತಿ ಬರೆದರೂ ಮಗು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಹುಡುಗಿಗೆ 18, ಹುಡುಗನಿಗೆ 21 ತುಂಬುವ ಮೊದಲು ಮದುವೆ ಮಾಡುವುದು ಅಪರಾಧ ಎಂಬ ಮಾಹಿತಿಯನ್ನು ಯಾರ ಪ್ರಸ್ತಾಪವೂ ಇಲ್ಲದೆ ಧಾರಾಳವಾಗಿ ಬರೆಯಬಹುದು. ಅದೂ ಸ್ವಲ್ಪ ಸಮಯ ಬಿಟ್ಟು, ಆ ಮಗು ಸುರಕ್ಷಿತವಾದ ಮೇಲೆ.

ಮಕ್ಕಳ ಬರಹವನ್ನು ನಾವು ತಿದ್ದಿ ತಿದ್ದಿ ನಮ್ಮದಾಗಿಸಬಾರದು. ಕಾಗುಣಿತ ತಿದ್ದೋಣ, ಅಭಿಪ್ರಾಯ ತಿದ್ದುವುದು ಬೇಡ. ನಮ್ಮ ಸಂಸ್ಥೆಯ ಕೆಲಸದ ಬಗ್ಗೆ ಅವರು ಪ್ರಶ್ನೆ ಎತ್ತಿದರೂ ಅದು ಗೋಡೆಯ ಮೇಲೆ ಇರಲಿ. ಸತ್ಯ ಹೇಳುವ ಧೈರ್ಯ, ಇನ್ನೊಬ್ಬರ ಗೌರವ ಕಾಯುವ ಪ್ರೀತಿ, ಎರಡನ್ನೂ ಒಟ್ಟಿಗೆ ಕಲಿತ ಮಗು ಮುಂದೆ ಪತ್ರಕರ್ತನಾಗದಿದ್ದರೂ ಒಳ್ಳೆಯ ನಾಗರಿಕನಂತೂ ಆಗುತ್ತದೆ.

ಸಂಘದಲ್ಲಿ ಚರ್ಚಿಸಿರಿ:

- ಈ ವಾರ ನಮ್ಮ ಬೀದಿಯಲ್ಲಿ ಬರೆಯಬೇಕಾದ ಸುದ್ದಿ ಯಾವುದು? ಅದಕ್ಕೆ ಯಾರಿಬ್ಬರನ್ನು ಕೇಳೋಣ?
- ಯಾವ ವಿಷಯವನ್ನು ಗೋಡೆಗೆ ಅಂಟಿಸದೆ ದೊಡ್ಡವರಿಗೆ ಮಾತ್ರ ಹೇಳಬೇಕು?