ಹಾಲಿನ ಲೆಕ್ಕ ಗಣಕಯಂತ್ರಕ್ಕೆ ಬಂದಾಗ ಸದಸ್ಯರು ತಿಳಿದಿರಬೇಕಾದದ್ದು



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಹಸಿರು ಮೇವು, ಕರುಗಳ ಪಾಲನೆ ಮುಂತಾದ ವಿಷಯಗಳು ಬರುತ್ತವೆ. ಪಶುವೈದ್ಯನಿಗೆ ಗಣಕಯಂತ್ರದ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಆದರೆ ಸಂಘಗಳಿಗೆ ಭೇಟಿ ನೀಡಿದಾಗ ಸದಸ್ಯರು ಈಗ ರಾಸಿನ ಕಾಯಿಲೆಯಷ್ಟೇ ಕೈಯಲ್ಲಿರುವ ಚೀಟಿಯ ಬಗ್ಗೆಯೂ ಕೇಳುತ್ತಾರೆ. ನಿನ್ನೆ ಎಸ್.ಎನ್.ಎಫ್. 8.5 ಇತ್ತು, ಇವತ್ತು 8.1 ತೋರಿಸುತ್ತಿದೆ, ಹಸು ಅದೇ, ಮೇವೂ ಅದೇ, ಹಾಗಾದರೆ ಯಂತ್ರ ಸುಳ್ಳು ಹೇಳುತ್ತಿದೆಯೇ ಎಂಬುದು ಅವರ ಪ್ರಶ್ನೆ. ಉತ್ತರಕ್ಕಾಗಿ ಯಂತ್ರವನ್ನೂ ನೋಡಬೇಕು, ಕೊಟ್ಟಿಗೆಯನ್ನೂ ನೋಡಬೇಕು.

ಯಂತ್ರ ಏಕೆ ಬಂತು?

ಗುಜರಾತಿನ ಖೇಡಾ ಜಿಲ್ಲಾ ಹಾಲು ಒಕ್ಕೂಟ 1946ರ ಡಿಸೆಂಬರ್ 14ರಂದು ನೋಂದಣಿಯಾಯಿತು. ಅಮುಲ್ ಎಂದು ನಾವು ಕರೆಯುವುದು ಇದನ್ನೇ. ಪ್ರಾರಂಭದಲ್ಲಿ ಅದಕ್ಕೆ ಬರುತ್ತಿದ್ದುದು ಎರಡು ಹಳ್ಳಿಗಳ ಸಂಘಗಳಿಂದ ದಿನಕ್ಕೆ ಸುಮಾರು 250 ಲೀಟರ್ ಹಾಲು. ಅಷ್ಟು ಹಾಲಿಗೆ ಒಂದು ಪುಸ್ತಕ, ಒಂದು ಪೆನ್ಸಿಲ್ ಸಾಕು. ಇಂದು ಗುಜರಾತಿನ ಒಕ್ಕೂಟಗಳಲ್ಲಿ ಸುಮಾರು 36 ಲಕ್ಷ ಉತ್ಪಾದಕರಿದ್ದಾರೆ. ನಮ್ಮಲ್ಲಿಯೂ ಹಾಗೆಯೇ. 1974ರಲ್ಲಿ ಹೈನು ಅಭಿವೃದ್ಧಿ ನಿಗಮವಾಗಿ ಶುರುವಾಗಿ ಮುಂದೆ ಕರ್ನಾಟಕ ಹಾಲು ಮಹಾಮಂಡಳವಾದ ಸಂಸ್ಥೆಯ ಹಾಲು ಶೇಖರಣೆ 2024ರ ಜೂನ್ ತಿಂಗಳಲ್ಲಿ ದಿನಕ್ಕೆ ಒಂದು ಕೋಟಿ ಲೀಟರನ್ನು ಮುಟ್ಟಿತು.

ಸಂಸ್ಥೆ ಬೆಳೆದಾಗ ಮೊದಲು ತೊಡಕಾಗುವುದು ಲೆಕ್ಕ. ಹಳೆಯ ಪದ್ಧತಿಯನ್ನು ಹಿರಿಯ ಸದಸ್ಯರು ನೆನಪಿಸಿಕೊಳ್ಳಬಹುದು. ಅಳತೆಯ ಪಾತ್ರೆಯಲ್ಲಿ ಹಾಲು ಅಳೆದು, ಸಣ್ಣ ಸೀಸೆಯಲ್ಲಿ ಮಾದರಿ ಎತ್ತಿಟ್ಟು, ಎಲ್ಲರ ಹಾಲು ಮುಗಿದ ಮೇಲೆ ಪರೀಕ್ಷಕರು ಗರ್ಬರ್ ಪರೀಕ್ಷೆಗೆ ಕೂರುತ್ತಿದ್ದರು. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ಯಂತ್ರದಲ್ಲಿ ತಿರುಗಿಸಿ, ಬಿಸಿನೀರಿನಲ್ಲಿಟ್ಟು ಜಿಡ್ಡಿನಾಂಶ ಓದಬೇಕು. ಸರಿಯಾಗಿ ಮಾಡಿದರೆ ಇದು ಇಂದಿಗೂ ನಂಬಬಹುದಾದ ಪರೀಕ್ಷೆ. ಆದರೆ ಐವತ್ತು ಜನರಿಗೆ ನಡೆಯುವ ಕೆಲಸ ಮುನ್ನೂರು ಜನರಿಗೆ ನಡೆಯುವುದಿಲ್ಲ. ಫಲಿತಾಂಶ ಬರುವಷ್ಟರಲ್ಲಿ ಹಾಲು ಹಾಕಿದವರು ಮನೆಗೆ ಹೋಗಿರುತ್ತಿದ್ದರು. ಲೆಕ್ಕ ಕೂಡುವಾಗ ಒಂದು ಅಂಕಿ ತಪ್ಪಿದರೆ ಬಟವಾಡೆಯ ದಿನ ಜಗಳ ಖಚಿತ.

ಗುಜರಾತಿನಲ್ಲಿ 1990ರ ದಶಕದ ಮಧ್ಯಭಾಗದಿಂದ ಹಳ್ಳಿಯ ಸಂಘಗಳಿಗೆ ಸ್ವಯಂಚಾಲಿತ ಹಾಲು ಶೇಖರಣಾ ಘಟಕಗಳು ಬಂದವು. ವಿದ್ಯುನ್ಮಾನ ತೂಕದ ಯಂತ್ರ, ಜಿಡ್ಡು ಅಳೆಯುವ ಯಂತ್ರ, ಗಣಕಯಂತ್ರ, ಚೀಟಿ ಮುದ್ರಿಸುವ ಯಂತ್ರ, ಇವುಗಳನ್ನು ಒಂದಕ್ಕೊಂದು ಜೋಡಿಸಿದ ವ್ಯವಸ್ಥೆ ಅದು. ನನಗೆ ಇದರಲ್ಲಿ ಮೆಚ್ಚುಗೆಯಾಗುವುದು ಅವರು ಹಿಡಿದ ಜಾಗ. ಪ್ರಧಾನ ಕಚೇರಿಯ ಮೇಜಿನ ಮೇಲೆ ಗಣಕಯಂತ್ರ ಇಟ್ಟು ಸುಮ್ಮನಾಗದೆ, ಹಾಲು ಸುರಿಯುವ ಕಡೆಗೂ ತಂದರು. ಸಾಲು ನಿಲ್ಲುತ್ತಿದ್ದುದು ಅಲ್ಲಿ, ಅನುಮಾನ ಹುಟ್ಟುತ್ತಿದ್ದುದೂ ಅಲ್ಲಿ. ಮೇಲಿನ ಹಂತದಲ್ಲಿ ಡೇರಿಗಳು, ದಾಸ್ತಾನು ಕೇಂದ್ರಗಳು, ಮಾರಾಟದ ಕಚೇರಿಗಳನ್ನು ಗಣಕಜಾಲದಲ್ಲಿ ಜೋಡಿಸಿದರು. ಅಂದ ಹಾಗೆ, ಅಂತರಜಾಲದಲ್ಲಿ ಕಂಪನಿಗಳ ವಿಳಾಸ ಸಾಮಾನ್ಯವಾಗಿ ಡಾಟ್ ಕಾಮ್ ಎಂದು ಮುಗಿದರೆ ಅಮುಲ್ ಸಂಸ್ಥೆಗೆ ಡಾಟ್ ಕೋಪ್ ಎಂದು ಮುಗಿಯುವ ವಿಳಾಸವೂ ಇದೆ. ಅದು ಸಹಕಾರಿ ಸಂಸ್ಥೆಗಳಿಗೆಂದೇ ಮೀಸಲಾದ ಗುರುತು.

ಸಮಯದ ವಿಷಯವನ್ನೂ ಹೇಳಬೇಕು. ಕರೆದ ಬೆಚ್ಚಗಿನ ಹಾಲಿನಲ್ಲಿ ಕೆಲವು ಸೂಕ್ಷ್ಮಜೀವಿಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾಗುತ್ತವೆ. ಸಾಲು ಬೇಗ ಕರಗಿದಷ್ಟೂ ಹಾಲು ಬೇಗ ಶೀತಲೀಕರಣ ಘಟಕಕ್ಕೆ ಸೇರಿ 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಯುತ್ತದೆ.

ಯಂತ್ರ ಯಾವಾಗ ತಪ್ಪುತ್ತದೆ?

ಈಗ ಬಹಳ ಸಂಘಗಳಲ್ಲಿರುವುದು ಶ್ರವಣಾತೀತ ಧ್ವನಿ ತರಂಗಗಳಿಂದ ಕೆಲಸ ಮಾಡುವ ಹಾಲು ವಿಶ್ಲೇಷಕ. ನಮ್ಮ ಕಿವಿಗೆ ಕೇಳಿಸದ ಧ್ವನಿ ಹಾಲಿನೊಳಗೆ ಎಷ್ಟು ವೇಗವಾಗಿ ಸಾಗುತ್ತದೆ ಎಂಬುದನ್ನು ಅಳೆದು ಅದು ಜಿಡ್ಡು ಮತ್ತು ಎಸ್.ಎನ್.ಎಫ್. ಅನ್ನು ಲೆಕ್ಕ ಹಾಕುತ್ತದೆ. ಆಮ್ಲ ಬೇಡ, ಸುಮಾರು ಒಂದು ನಿಮಿಷದಲ್ಲಿ ಉತ್ತರ ಬರುತ್ತದೆ. ಆದರೆ ಹಾಲಿನಲ್ಲಿ ಗಾಳಿಯ ಗುಳ್ಳೆಗಳಿದ್ದರೆ ಧ್ವನಿಯ ವೇಗ ಕೆಡುತ್ತದೆ. ಕರೆದ ಕೂಡಲೇ ನೊರೆಹಾಲನ್ನು ಓಡಿಸಿಕೊಂಡು ತಂದು ಯಂತ್ರಕ್ಕೆ ಒಡ್ಡಿದರೆ ಅಂಕಿ ಹೆಚ್ಚುಕಡಿಮೆಯಾಗುವ ಸಂಭವ ಉಂಟು. ನೊರೆ ಇಳಿದ ಮೇಲೆ ಮಾದರಿ ಕೊಡಿ.

ಅದಕ್ಕಿಂತ ದೊಡ್ಡ ತಪ್ಪು ಮಾದರಿ ತೆಗೆಯುವುದರಲ್ಲಿ ಆಗುತ್ತದೆ. ಹಸುವಿನ ಮೊದಲ ಧಾರೆಯಲ್ಲಿ ಜಿಡ್ಡು ಬಹಳ ಕಡಿಮೆ, ಕೊನೆಯ ಧಾರೆಯಲ್ಲಿ ಅದರ ಹಲವು ಪಟ್ಟು. ಎರಡು ಪಾತ್ರೆಗಳಲ್ಲಿ ಹಾಲು ತಂದು ಒಂದರಿಂದ ಮಾತ್ರ ಮಾದರಿ ತೆಗೆದರೆ, ಅಥವಾ ನಿಂತ ಹಾಲಿನ ಮೇಲ್ಭಾಗದಿಂದ ತೆಗೆದರೆ, ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಚೀಟಿ ನಿಮ್ಮ ಹಾಲಿನದಲ್ಲ. ಹಾಲನ್ನು ಒಂದೇ ಪಾತ್ರೆಗೆ ಸುರಿದು, ಚೆನ್ನಾಗಿ ಕಲಕಿ, ನಂತರ ಮಾದರಿ ತೆಗೆಯಬೇಕು. ಇದನ್ನು ನಿಂತು ನೋಡುವುದು ಸದಸ್ಯರ ಹಕ್ಕು. ಕಾರ್ಯದರ್ಶಿಯವರ ಮೇಲೆ ಅಪನಂಬಿಕೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ಯಂತ್ರದ ಒಳಭಾಗದಲ್ಲಿ ಜಿಡ್ಡು ಅಂಟಿಕೊಂಡರೂ ಓದು ತಪ್ಪುತ್ತದೆ. ಪ್ರತಿ ಸರದಿ ಮುಗಿದ ಮೇಲೆ ಅದನ್ನು ತೊಳೆಯುತ್ತಾರೆಯೇ, ಗರ್ಬರ್ ಪರೀಕ್ಷೆಯೊಡನೆ ಹೋಲಿಸಿ ಯಂತ್ರವನ್ನು ಕೊನೆಯ ಬಾರಿಗೆ ಸರಿಹೊಂದಿಸಿದ್ದು ಯಾವಾಗ ಎಂದು ಸರ್ವ ಸದಸ್ಯರ ಸಭೆಯಲ್ಲಿ ಕೇಳಿ. ಯಂತ್ರ ಕೊಂಡದ್ದಕ್ಕೆ ಪೂಜೆ ಮಾಡಿ ಮರೆತುಬಿಡುವ ಆಡಳಿತ ಮಂಡಳಿಗಳೂ ಇವೆ. ದಿನಕ್ಕೆ 10 ಲೀಟರ್ ಹಾಕುವವರಿಗೆ ಲೀಟರಿಗೆ ಒಂದೇ ಒಂದು ರೂಪಾಯಿ ಕಡಿಮೆಯಾದರೂ ತಿಂಗಳಿಗೆ 300 ರೂಪಾಯಿ ಹೋಯಿತು.

ಇನ್ನೊಂದು ಎಚ್ಚರಿಕೆ. ತೂಕ ಮತ್ತು ಪರೀಕ್ಷೆಯ ಅಂಕಿಗಳು ಯಂತ್ರದಿಂದ ನೇರವಾಗಿ ಗಣಕಯಂತ್ರಕ್ಕೆ ಹೋದರೆ ನಡುವೆ ಕೈ ಆಡುವುದಿಲ್ಲ. ಕರೆಂಟು ಹೋದಾಗ ಅಥವಾ ತಂತಿ ಕೆಟ್ಟಾಗ ಅಂಕಿಗಳನ್ನು ಕೈಯಿಂದ ಒತ್ತುತ್ತಾರೆ. ಅಂಥ ದಿನ ಚೀಟಿಯ ಅಂಕಿಯನ್ನೂ ಯಂತ್ರದ ಪರದೆಯ ಅಂಕಿಯನ್ನೂ ಹೋಲಿಸಿ ನೋಡಿ. ಅನುಮಾನವಿದ್ದರೆ ಅಲ್ಲಿಯೇ, ಹಾಲು ಕ್ಯಾನಿಗೆ ಬೀಳುವ ಮೊದಲೇ, ಮರುಪರೀಕ್ಷೆ ಕೇಳಬೇಕು. ಮಾರನೆಯ ದಿನ ಕೇಳಿದರೆ ತೋರಿಸಲು ಹಾಲು ಇರುವುದಿಲ್ಲ.

ಚೀಟಿಯಲ್ಲಿ ಹಸುವಿನ ಆರೋಗ್ಯ

ಇದು ನನ್ನ ವೃತ್ತಿಯ ಮಾತು. ದಯವಿಟ್ಟು ಚೀಟಿಗಳನ್ನು ಎಸೆಯಬೇಡಿ. ಒಂದು ದಿನದ ಏರಿಳಿತಕ್ಕೆ ಅರ್ಥವಿಲ್ಲ. ಬೆಳಗಿನ ಹಾಲಿಗಿಂತ ಸಂಜೆಯ ಹಾಲಿನಲ್ಲಿ ಜಿಡ್ಡು ಹೆಚ್ಚಿರುವುದು ಸಾಮಾನ್ಯ. ಆದರೆ ನಾಲ್ಕೈದು ದಿನ ಸತತವಾಗಿ ಎಸ್.ಎನ್.ಎಫ್. ಇಳಿಯುತ್ತಾ ಬಂದು ಹಾಲೂ ಸ್ವಲ್ಪ ಕಡಿಮೆಯಾದರೆ, ಕೆಚ್ಚಲು ಊದದಿದ್ದರೂ ಸುಪ್ತ ಕೆಚ್ಚಲು ಬಾವನ್ನು ಸಂಶಯಿಸಬೇಕು. ಆ ರೋಗದಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಡಿಮೆಯಾಗುತ್ತದೆ, ಅದರೊಡನೆ ಎಸ್.ಎನ್.ಎಫ್. ಕೂಡ. ಹೊಟ್ಟೆ ತುಂಬ ಆಹಾರ ಸಿಗದ ರಾಸುಗಳಲ್ಲಿಯೂ ಹೀಗಾಗುವುದುಂಟು.

ಜಿಡ್ಡು ಮಾತ್ರ ಇಳಿದಿದ್ದರೆ ಗೋದಲಿಯನ್ನು ನೋಡಿ. ಹಾಲು ಹೆಚ್ಚಲೆಂದು ಹಿಂಡಿ, ಪಶು ಆಹಾರವನ್ನು ಏರಿಸಿ ಒಣಹುಲ್ಲು ಕಡಿಮೆ ಮಾಡಿದವರ ಮನೆಯಲ್ಲಿ ಇದು ಬಹಳ. ನಾರಿನಾಂಶ ಸಾಲದೆ ಮೆಲುಕು ಕಡಿಮೆಯಾಗಿ, ಹೊಟ್ಟೆಯಲ್ಲಿ ಹುಳಿ ಹೆಚ್ಚಿ ಜಿಡ್ಡು ಕುಸಿಯುತ್ತದೆ. ರಾಗಿ ಹುಲ್ಲು ಅಥವಾ ಜೋಳದ ಸಪ್ಪೆಯನ್ನು ಮತ್ತೆ ಕೊಡುತ್ತಾ ಬಂದರೆ ಸುಧಾರಿಸುತ್ತದೆ.

ಮೂರ್ನಾಲ್ಕು ಹಸುಗಳ ಹಾಲನ್ನು ಸೇರಿಸಿ ಹಾಕುವವರಿಗೆ ಚೀಟಿ ಇಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ. ಒಂದು ಹಸುವಿನ ತೊಂದರೆ ಉಳಿದವುಗಳ ಹಾಲಿನಲ್ಲಿ ಮುಚ್ಚಿಹೋಗುತ್ತದೆ. ಅಂಥವರು ಮನೆಯಲ್ಲಿ ಒಂದು ನೋಟು ಪುಸ್ತಕವಿಟ್ಟು ಪ್ರತಿ ಹಸುವಿನ ಹಾಲನ್ನು ಬೇರೆಬೇರೆಯಾಗಿ ಬರೆಯುವುದು ಒಳ್ಳೆಯದು. ಶಾಲೆಗೆ ಹೋಗುವ ಮಕ್ಕಳು ಈ ಕೆಲಸವನ್ನು ಸಂತೋಷದಿಂದ ಮಾಡುತ್ತಾರೆ.

ಹಸುವಿನ ಕಿವಿಯಲ್ಲಿರುವ 12 ಅಂಕಿಗಳ ಹಳದಿ ಓಲೆಯೂ ಇದೇ ಲೆಕ್ಕದ ಭಾಗ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ಚಿಕಿತ್ಸೆ ಎಲ್ಲವೂ ಆ ಸಂಖ್ಯೆಯ ಮೇಲೆ ಭಾರತ ಪಶುಧನ ಎಂಬ ರಾಷ್ಟ್ರೀಯ ಗಣಕ ದಾಖಲೆಗೆ ಸೇರುತ್ತವೆ. ರಾಸು ಮಾರಿದಾಗ, ಕೊಂಡಾಗ, ಸತ್ತಾಗ ತಿಳಿಸದಿದ್ದರೆ ದಾಖಲೆಯಲ್ಲಿ ಅದು ಹಳೆಯ ಮನೆಯಲ್ಲಿಯೇ ಕಟ್ಟಿರುತ್ತದೆ. ವಿಮೆಯ ಹಣ ಕೇಳುವಾಗ ಓಲೆಯ ಸಂಖ್ಯೆ ಬೇಕೇಬೇಕು. ಆದ್ದರಿಂದ ಓಲೆ ಕಿತ್ತುಬಿದ್ದರೆ ಅದನ್ನು ಎಸೆಯದೆ ಪಶುವೈದ್ಯ ಸಂಸ್ಥೆಗೆ ತಂದು ಹೊಸದನ್ನು ಹಾಕಿಸಿಕೊಳ್ಳಿ.

ಹಣ ಬ್ಯಾಂಕ್ ಖಾತೆಗೆ ಬರುವ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ, ಬಹಳ ಜನರಿಗೆ ರೂಢಿಯಾಗಿದೆ. ಹಾಲು ಕರೆಯುವವರು ಮನೆಯ ಹೆಣ್ಣುಮಕ್ಕಳಾಗಿದ್ದರೆ ಸದಸ್ಯತ್ವವೂ ಖಾತೆಯೂ ಅವರ ಹೆಸರಿನಲ್ಲಿಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಬ್ಯಾಂಕಿನವರು ಎಂದು ಹೇಳಿಕೊಂಡು ಫೋನಿನಲ್ಲಿ ಗುಪ್ತ ಸಂಖ್ಯೆ ಕೇಳುವವರಿಗೆ ಏನನ್ನೂ ಹೇಳಬೇಡಿ. ಮೊಬೈಲ್ ಸಂಖ್ಯೆ ಅಥವಾ ಖಾತೆ ಬದಲಾಗಿದ್ದರೆ ಬಟವಾಡೆಗೆ ಮೊದಲೇ ಸಂಘಕ್ಕೆ ಹೋಗಿ ಕಾರ್ಯದರ್ಶಿಯವರಿಗೆ ಬರೆದುಕೊಡಿ, ಪರದೆಯ ಮೇಲೆ ಮೂಡಿದ ಸಂಖ್ಯೆಯನ್ನು ಅವರಿಂದ ಒಮ್ಮೆ ಗಟ್ಟಿಯಾಗಿ ಓದಿಸಿ ನೋಡಿ.